ಐದು ಟ್ಯಾಗ್, ನಾಲ್ಕು ಟಗರು

ಬೇಟೆ ಗಡಿ ಮತ್ತು ಟ್ಯಾಗ್ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನೀವು ಕೊಟ್ಟ ಮಾತು ಇಷ್ಟು. ಕೆಂಟ್ ವಾಸಿ ಹನೀಫ್ ಎಂಬ ಅರ್ಜಿದಾರರಿಗೆ ಕಾಪರ್ ಬೆಂಡ್ ಯೂನಿಟ್ಟಿನಲ್ಲಿ ಒಂದು ಬಿಗ್‌ಹಾರ್ನ್ ಟಗರು ಹೊಡೆಯಲು ಒಂದು ಟ್ಯಾಗ್. ಜೀವಮಾನದಲ್ಲಿ ಒಂದೇ ಸಲ. ಯೂನಿಟ್ಟಿನ ತುಂಬ ಬೆಳೆದ ಟಗರುಗಳಿವೆ ಎಂಬ ಭರವಸೆ. ನಕ್ಷೆಯಲ್ಲಿ ಹಸಿರು ಬಳಿದ ಅಷ್ಟೂ ನೆಲದಲ್ಲಿ ಬೇಟೆಯಾಡುವ ಹಕ್ಕು.

ನೀವು ಇಲ್ಲವೆಂದದ್ದು ಇಷ್ಟು. ಆ ಟಗರುಗಳಿರುವ ಕಣಿವೆಗೆ ದಾರಿ. ದಾರಿ ಇಲ್ಲವೆಂದು ಮೊದಲೇ ಹೇಳುವ ಸೌಜನ್ಯ. ಟ್ಯಾಗನ್ನು ಬಳಸದೆ ಹಿಂದಿರುಗಿಸಿದ ಮನುಷ್ಯನಿಗೆ ಮತ್ತೆ ಅರ್ಜಿ ಹಾಕುವ ಅವಕಾಶ. ಬರೆದ ಮೂರು ಪತ್ರಗಳಿಗೆ ಮೂರು ಉತ್ತರ. ಒಂದೇ ಉತ್ತರದ ಮೂರು ಪ್ರತಿಗಳು ಬಂದವು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾವೂ ಗೊಣಗಿಕೊಂಡು ಸುಮ್ಮನಾಗುತ್ತಿದ್ದೆವೇನೋ. ಆದರೆ ಈ ತಿಂಗಳು ನಿಮ್ಮ ಮಂಡಳಿ ಹೊಸ ಪ್ರಸ್ತಾವ ಹೊರಡಿಸಿದೆ. ಅದೇ ಯೂನಿಟ್ಟಿಗೆ ಟ್ಯಾಗುಗಳನ್ನು ಎರಡರಿಂದ ಐದಕ್ಕೆ ಏರಿಸಬೇಕಂತೆ. ಕಾರಣ? ಹೋದ ವರ್ಷ ಒಂದು ಟ್ಯಾಗ್ ಬಳಕೆಯಾಗದೆ ಉಳಿಯಿತು, ಅಂದರೆ ಟಗರುಗಳು ಹೆಚ್ಚುವರಿಯಾಗಿವೆ! ಮಾನ್ಯರೇ, ಆ ಬಳಕೆಯಾಗದ ಟ್ಯಾಗ್ ಹನೀಫರದು. ಅವರು ಹೊಡೆಯಲಾರೆನೆಂದು ಬಿಟ್ಟುಬಂದ ಟಗರನ್ನು ಇನ್ನೊಬ್ಬರು ಹೊಡೆಯಲಿ ಎನ್ನುವುದಕ್ಕೆ ಅವರನ್ನೇ ಸಾಕ್ಷಿ ಮಾಡಿದ್ದೀರಿ. ಇಂಥ ಬುದ್ಧಿ ಎಲ್ಲಿ ಕಲಿಸುತ್ತಾರೆ?

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆಂದು ನಿಮಗೆ ಅನ್ನಿಸಬಹುದು. ಇಂಗ್ಲಿಷಿನಲ್ಲಿ ಬರೆದು ನೋಡಿದೆ, ನಿಮಗೆ ಅರ್ಥವಾಗಲಿಲ್ಲ. ಈ ಪ್ರಸ್ತಾವದ ಬಗ್ಗೆ ಜನರ ಮಾತು ಕೇಳಲು ಕರೆದ ನಿಮ್ಮ ಸಭೆಯ ಪ್ರಕಟಣೆಯ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಯಾವ ಭಾಷೆಯ ನಾಗರಿಕರಿಗಾದರೂ ಅನುವಾದದ ನೆರವು ಕೊಡಲಾಗುವುದು ಎಂದಿದೆ. ಸಂತೋಷ. ಅನುವಾದ ಮಾಡಿಸಿ. ನನ್ನ ಬೈಗುಳಗಳಿಗೆ ತಕ್ಕ ಇಂಗ್ಲಿಷ್ ಹುಡುಕುವಷ್ಟು ಹೊತ್ತಾದರೂ ನಿಮ್ಮ ಕಚೇರಿಯಲ್ಲಿ ಯಾರೋ ಒಬ್ಬರು ಈ ವಿಷಯದ ಬಗ್ಗೆ ಯೋಚಿಸುತ್ತಾರೆ. ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಅಚ್ಚಾಗುವುದರಿಂದ ಸಿಯಾಟಲ್ ಸುತ್ತಿನ ಬಾಥೆಲ್, ರೆಡ್ಮಂಡ್, ಕೆಂಟ್ ಮನೆಗಳಲ್ಲಿ ಓದುವವರಿಗೂ ಇದು ಬರೆದದ್ದೇ. ಅವರಿಗೋಸ್ಕರ ನಿಮಗೆ ಗೊತ್ತಿರುವ ಒಂದೆರಡು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ಸಹಿಸಿಕೊಳ್ಳಿ. ನಿಮ್ಮನ್ನು ನಾವು ಸಹಿಸಿಕೊಂಡಿಲ್ಲವೇ?

ಬಿಗ್‌ಹಾರ್ನ್ ಎಂದರೆ ಬೆಟ್ಟದ ಕಾಡುಕುರಿ. ಗಂಡಿನ ಕೊಂಬು ಕಿವಿಯನ್ನು ಬಳಸಿ ಕೆನ್ನೆಯವರೆಗೆ ಸುತ್ತಿ ಬರುತ್ತದೆ. ಒಂದು ಕಾಲಕ್ಕೆ ಈ ರಾಜ್ಯದಲ್ಲಿ ನಿರ್ನಾಮವಾಗಿ, ಆಮೇಲೆ ಹೊರಗಿನಿಂದ ತಂದು ಬಿಟ್ಟದ್ದರಿಂದ ಮತ್ತೆ ಬೆಳೆದ ಜೀವ. ಆ ಲೆಕ್ಕದಲ್ಲಿ ನಮ್ಮಂಥ ವಲಸಿಗರೇ. ಇವನ್ನು ಬೇಟೆಯಾಡಲು ಬೆಟ್ಟಸೀಮೆಯನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನು ಯೂನಿಟ್ ಎನ್ನುತ್ತಾರೆ. ಚಳಿಗಾಲದಲ್ಲಿ ಹೆಲಿಕಾಪ್ಟರಿನಲ್ಲಿ ಹಾರಿ ಆ ಯೂನಿಟ್ಟಿನ ಟಗರುಗಳನ್ನು ಎಣಿಸುತ್ತಾರೆ. ಎಣಿಸಿದ್ದರಲ್ಲಿ ಇಂತಿಷ್ಟು ಪಾಲು ಎಂದು ಟ್ಯಾಗ್ ನಿಗದಿ ಮಾಡುತ್ತಾರೆ. ಟ್ಯಾಗ್ ಎಂದರೆ ಹೊಡೆಯಲು ಕೊಡುವ ಪರವಾನಗಿ ಚೀಟಿ; ಒಂದು ಟ್ಯಾಗ್, ಒಂದು ಟಗರು. ಟ್ಯಾಗ್ ಯಾರಿಗೆಂದು ಲಾಟರಿ ಎತ್ತುತ್ತಾರೆ. ಇವಲ್ಲದೆ ಇಡೀ ರಾಜ್ಯಕ್ಕೆಂದು ಒಂದನ್ನು ಮಾತ್ರ ಲಾಟರಿಗೆ ಹಾಕದೆ ಹರಾಜು ಕೂಗುತ್ತಾರೆ, ಅದು ದೊಡ್ಡವರಿಗೆ. ಇಲ್ಲಿಯವರೆಗೆ ವ್ಯವಸ್ಥೆ ಒಪ್ಪುವಂಥದ್ದೇ. ಬೇಟೆಯೇ ಬೇಡ ಎನ್ನುವವಳು ನಾನಲ್ಲ. ಮಾಂಸ ತಿಂದು ಬೆಳೆದವಳು, ಈಗಲೂ ತಿನ್ನುವವಳು. ನನ್ನ ಜಗಳ ನಿಮ್ಮ ಗೆರೆಯ ಮೇಲೆ.

ಎರಡು ವರ್ಷದ ಹಿಂದೆ ಅಲ್ಲಿ ಎರಡು ಯೂನಿಟ್ ಇದ್ದವು. ಒಂದು ಕಾಪರ್ ಬೆಂಡ್: ನದಿ ತಿರುಗುವಲ್ಲಿ ಹೆದ್ದಾರಿಯ ಪಕ್ಕಕ್ಕೇ ನಿಂತ ಬೋಳು ಇಳಿಜಾರು, ಪುಟ್ಟದು. ಅಲ್ಲಿ ಹೆಣ್ಣು, ಮರಿ ಬಿಟ್ಟರೆ ಬೆಳೆದ ಟಗರು ಬೆರಳೆಣಿಕೆಯಷ್ಟು. ಆದ್ದರಿಂದ ಟ್ಯಾಗೇ ಇರಲಿಲ್ಲ. ಇನ್ನೊಂದು ಡ್ರೈ ಫೋರ್ಕ್: ಅದರ ಬೆನ್ನಿಗಿರುವ ವಿಶಾಲ ಕಣಿವೆ. ಅಲ್ಲಿ ಟಗರು ಯಥೇಚ್ಛ, ಟ್ಯಾಗ್ ಎರಡು. ಅಷ್ಟರಲ್ಲಿ ಡ್ರೈ ಫೋರ್ಕಿಗೆ ಹೋಗುವ ಏಕೈಕ ರಸ್ತೆ ಹಾದುಹೋಗುವ ಜಮೀನನ್ನು ಒಬ್ಬ ಧಣಿ ಕೊಂಡ, ಗೇಟು ಜಡಿದ. ಒಳಗೆ ಹೋಗುವ ಹಕ್ಕನ್ನು ಬೇಟೆ ಮಾಡಿಸುವ ಒಂದು ಗೈಡ್ ಕಂಪನಿಗೆ ಗುತ್ತಿಗೆ ಕೊಟ್ಟ. ಲಾಟರಿ ಹೊಡೆದವರು ಗೇಟಿನ ಮುಂದೆ ನಿಂತು ಗಲಾಟೆ ಎಬ್ಬಿಸಿದರು. ನೀವೇನು ಮಾಡಬೇಕಿತ್ತು? ದಾರಿ ಕೇಳಬೇಕಿತ್ತು, ಇಲ್ಲವೇ ಟ್ಯಾಗ್ ಇಳಿಸಬೇಕಿತ್ತು. ನೀವು ಎರಡೂ ಮಾಡಲಿಲ್ಲ. ರಬ್ಬರ್ ತೆಗೆದುಕೊಂಡು ನಡುವಿನ ಗೆರೆ ಅಳಿಸಿದಿರಿ. ಎರಡೂ ಸೇರಿ ಒಂದು ದೊಡ್ಡ ಕಾಪರ್ ಬೆಂಡ್ ಯೂನಿಟ್ ಆಯಿತು. ಇನ್ನು ಯಾರೂ ದಾರಿ ಇಲ್ಲವೆನ್ನುವಂತಿಲ್ಲ, ಹೆದ್ದಾರಿಯೇ ಇದೆಯಲ್ಲ! ಎಣಿಸುವುದು ಬೀಗದ ಒಳಗಿನ ಟಗರನ್ನು, ಸಾಯಿಸುವುದು ರಸ್ತೆ ಪಕ್ಕದ್ದನ್ನು. ಯೂನಿಟ್ ದೊಡ್ಡದಾಯಿತು ಎಂದು ಬೀಗಿದಿರಿ. ದೊಡ್ಡದಾದದ್ದು ಬಣ್ಣ ಬಳಿದ ಜಾಗ. ಕಾಲಿಡಲು ಸಿಕ್ಕಿದ್ದು ಆ ಒಂದು ಇಳಿಜಾರು.

ಇನ್ನು ಹನೀಫರ ವಿಷಯ. ಮೈಸೂರಿನ ಮಂಡಿ ಮೊಹಲ್ಲಾದವರು, ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನನ್ನ ಜೊತೆ ಕೆಲಸ ಮಾಡುವ ಎಂಜಿನಿಯರ್. ನಾನು ಹನೀಫಣ್ಣ ಎನ್ನುತ್ತೇನೆ, ಅವರು ಸಿದ್ದಕ್ಕ ಎನ್ನುತ್ತಾರೆ; ಯಾರು ದೊಡ್ಡವರೆಂದು ಇಬ್ಬರೂ ವಿಚಾರಿಸಲು ಹೋಗಿಲ್ಲ. ಅವರು ಈ ದೇಶಕ್ಕೆ ಬಂದ ಕಾಲದಲ್ಲಿ ಹಲಾಲ್ ಮಾಂಸಕ್ಕೆ ಪರದಾಡಬೇಕಿತ್ತು. ಕಾರ್ಖಾನೆಯ ಗೆಳೆಯನೊಬ್ಬ ಜಿಂಕೆ ಬೇಟೆ ಕಲಿಸಿದ. ಬಿಸ್ಮಿಲ್ಲಾ ಎಂದು ಹೊಡೆದು, ಓಡಿ ಹೋಗಿ ಕೊಯ್ದು, ತಾವೇ ಹಸನು ಮಾಡಿ ತರುತ್ತಿದ್ದರು. ಜಿಂಕೆ ಬಂದ ವಾರ ನಮ್ಮ ಬೀದಿಯಲ್ಲಿ ಮಾಂಸ ತಿನ್ನುವ ಮನೆಗಳಿಗೆಲ್ಲ ಒಂದೊಂದು ಪೊಟ್ಟಣ ಹಂಚುತ್ತಿದ್ದರು. ಬಿಗ್‌ಹಾರ್ನ್ ಲಾಟರಿಗೆ ಪ್ರತಿ ವರ್ಷ ಅರ್ಜಿ ಹಾಕುತ್ತಿದ್ದರು. ಕೊನೆಗೂ ಹೋದ ಬೇಸಿಗೆಯಲ್ಲಿ ಹೆಸರು ಬಂತು. ಬಂದೂಕು ಹಿಡಿದ ಮುಸಲ್ಮಾನ ಎಂದರೆ ಈ ವರ್ಷಗಳಲ್ಲಿ ಈ ದೇಶದಲ್ಲಿ ಎಂಥೆಂಥ ಕಣ್ಣುಗಳು ಮೈಮೇಲೆ ಬೀಳುತ್ತವೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಒಂದೊಂದು ಕಾಗದವನ್ನೂ ಪ್ಲಾಸ್ಟಿಕ್ ಹಾಕಿಸಿ ಜೇಬಿನಲ್ಲಿಟ್ಟುಕೊಂಡು ಹೊರಟ ಮನುಷ್ಯ ಅವರು. ಮಾಂಸ ಹೊತ್ತು ತರಲು ಸಹಾಯಕ್ಕೆಂದು ನಾನು, ಊಟದ ಉಸ್ತುವಾರಿಗೆಂದು ಅವರ ಹೆಂಡತಿ ರೇಹಾನಾ ಜೊತೆಗೆ ಹೋದೆವು. ಆದ್ದರಿಂದ ಮುಂದಿನದಕ್ಕೆ ನಾನೇ ಕಣ್ಣಾರೆ ಸಾಕ್ಷಿ.

ಮೊದಲು ಡ್ರೈ ಫೋರ್ಕಿನ ಗೇಟಿಗೆ ಹೋದೆವು. ಪಿಕಪ್ ಗಾಡಿಯಲ್ಲಿ ಒಬ್ಬ ಕಾವಲುಗಾರ ಕೂತಿದ್ದ. ಹನೀಫಣ್ಣ ಟ್ಯಾಗ್ ತೋರಿಸಿದರು. ಅವನು ಟ್ಯಾಗ್ ನೋಡಲಿಲ್ಲ, ಮುಖ ನೋಡಿದ. ಎಲ್ಲಿಂದ ಬಂದಿದ್ದೀಯ ಎಂದ.

"ಕೆಂಟ್."

"ಅದಲ್ಲ, ಅದಕ್ಕೂ ಮೊದಲು ಎಲ್ಲಿಂದ?"

"ಅದಕ್ಕೂ ಮೊದಲು ರೆಂಟನ್. ಬಾಡಿಗೆ ಜಾಸ್ತಿ ಮಾಡಿದ್ರು."

ಅವನಿಗೂ ನಗು ಬಂತು ಅನ್ನಿ. ಆದರೆ ಬೀಗ ತೆಗೆಯಲಿಲ್ಲ. ಒಳಗೆ ಹರಾಜಿನ ಟ್ಯಾಗಿನವರಿಗೆ ಮಾತ್ರ, ಅದೂ ನಮ್ಮ ಗೈಡ್ ಜೊತೆಗೆ ಎಂದ. ಒಳಗಿನ ಟಗರು ಎಣಿಸಿಯೇ ನನಗೆ ಟ್ಯಾಗ್ ಕೊಟ್ಟಿದ್ದಾರಲ್ಲ ಎಂದು ಹನೀಫಣ್ಣ ಕೇಳಿದರೆ, "ಎಣಿಸೋರನ್ನ ನಾವು ತಡೆಯೋದಿಲ್ಲ, ಅವರು ಮೇಲಿಂದ ಬರ್ತಾರೆ" ಎಂದು ಆಕಾಶ ತೋರಿಸಿದ. ಮಾನ್ಯರೇ, ನಿಮ್ಮ ಇಡೀ ನೀತಿಯನ್ನು ಆ ಕಾವಲುಗಾರ ಒಂದು ಮಾತಿನಲ್ಲಿ ಹೇಳಿ ಮುಗಿಸಿದ. ಕುರಿ ಸಾರ್ವಜನಿಕರದು ಎಂದು ಈ ದೇಶದ ಕಾನೂನು ಹೇಳುತ್ತದೆ. ಬೇಲಿ ಖಾಸಗಿಯವರದು ಎಂದೂ ಅದೇ ಕಾನೂನು ಹೇಳುತ್ತದೆ. ಇವೆರಡರ ನಡುವೆ ಕೂತು ಹಂಚಿಕೊಡಲೆಂದೇ ನಿಮಗೆ ಒಂದು ಕುರ್ಚಿ ಕೊಟ್ಟಿದೆ. ನೀವು ಕುರ್ಚಿಯನ್ನು ಬೇಲಿಯ ಆ ಕಡೆಗೆ ಹಾಕಿಕೊಂಡು ಕೂತಿದ್ದೀರಿ.

ಬೇರೆ ದಾರಿ ಇಲ್ಲದೆ ಹೆದ್ದಾರಿ ಪಕ್ಕದ ಇಳಿಜಾರಿಗೆ ಬಂದೆವು. ಅಲ್ಲಿ ಕಾರು ನಿಲ್ಲಿಸಲು ಒಂದು ತಾಣವಿದೆ. ಅಲ್ಲಿ ನಿಮ್ಮದೇ ಮಂಡಳಿ ನೆಟ್ಟ ಫಲಕ, "ಬಿಗ್‌ಹಾರ್ನ್ ವೀಕ್ಷಣೆಯ ಜಾಗ, ಮಕ್ಕಳನ್ನು ಕರೆತನ್ನಿ" ಎಂದು ಕುರಿಯ ಚಿತ್ರದೊಂದಿಗೆ ಇದೆ. ಅದೇ ಜಾಗ ನಿಮ್ಮ ಬೇಟೆಯ ನಕ್ಷೆಯಲ್ಲೂ ಇದೆ. ಎರಡು ಕೈಗೂ ಒಂದೇ ಮೆದುಳು ಇದೆಯೇ ಎಂದು ಅನುಮಾನ ಬರುತ್ತದೆ.

ಹನೀಫಣ್ಣ ರೈಫಲ್ ತೆಗೆಯಲೆಂದು ಕಾರಿನ ಡಿಕ್ಕಿ ತೆಗೆದರು. ಆ ಸದ್ದಿಗೆ ಮೇಲಿನ ಬಂಡೆಯಿಂದ ಒಂದು ಟಗರು ತಲೆ ಎತ್ತಿತು. ಓಡಲಿಲ್ಲ, ಇಳಿದು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಸುತ್ತಿದ ಕೊಂಬಿನ ದೊಡ್ಡ ಟಗರು ನಮ್ಮ ಊಟದ ಚೀಲದ ಬಳಿಗೇ ಬಂದು ಮೂಸಿತು.

"ಏನ್ರೀ, ಇದು ನಮ್ಮನ್ನೇ ಕಾಯ್ತಾ ಇತ್ತಾ?" ಎಂದರು ರೇಹಾನಾ.

ಯಾರನ್ನು ಕಾಯುತ್ತಿತ್ತೆಂದು ನನಗೆ ಗೊತ್ತಿತ್ತು. ಸಿಯಾಟಲ್ ಕಡೆಯ ಜಡಿಮಳೆಯಲ್ಲಿ ಬೂಷ್ಟು ಹಿಡಿದ ನಮ್ಮ ಕನ್ನಡ ಬಳಗದವರು ಚಳಿ ಮುಗಿಯುತ್ತಲೇ ಬಿಸಿಲು ಹುಡುಕಿಕೊಂಡು ಬೆಟ್ಟ ದಾಟಿ ಅಲ್ಲಿಗೆ ಹೋಗುತ್ತಾರೆ. ಆ ತಾಣದಲ್ಲಿ ಚಾಪೆ ಹಾಸಿ ಪುಳಿಯೋಗರೆ ಡಬ್ಬಿ ಬಿಚ್ಚುತ್ತಾರೆ. ರೆಡ್ಮಂಡಿನ ಎಜುಕೇಶನ್ ಹಿಲ್‌ನ ವಸಂತಲಕ್ಷ್ಮಿಯವರು ನಾಲ್ಕೈದು ವರ್ಷದಿಂದ ಒಂದು ಪೊಟ್ಟಣ ಕಲ್ಲುಪ್ಪು ತಂದು ಬಂಡೆಯ ಮೇಲೆ ಸುರಿದು, ಕುರಿಗಳು ನೆಕ್ಕುವುದನ್ನು ಕೈ ಕಟ್ಟಿ ನಿಂತು ನೋಡುತ್ತಿದ್ದರು. ಅವರನ್ನು ನೋಡಿ ಉಳಿದವರೂ ಶುರು ಮಾಡಿದರು. ಕಾಡುಕುರಿಗೆ ಉಪ್ಪೆಂದರೆ ಪ್ರಾಣ. ಡಿಕ್ಕಿ ತೆಗೆದ ಸದ್ದು ಕೇಳಿದರೆ ಉಪ್ಪು ಬರುತ್ತದೆ ಎಂದು ಅವು ಕಲಿತವು. ಇದು ಬುದ್ಧಿಗೇಡಿ ಕೆಲಸ, ಇದನ್ನು ನಾನು ನಮ್ಮವರ ಮುಖಕ್ಕೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಅಲ್ಲಿ ನಿಂತ ಹನೀಫಣ್ಣ ರೈಫಲನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

"ಸಿದ್ದಕ್ಕ, ಇದು ಬೇಟೆ ಅಲ್ಲ. ಓಡಿ ಹೋಗೋ ಪ್ರಾಣಿ ಆದ್ರೆ ದೂರದಿಂದ ಹೊಡೆದ್ರೂ ನಮಗೆ ಹಲಾಲ್. ಇದು ಕೈಗೇ ಸಿಗ್ತಾ ಇದೆ. ಕೈಗೆ ಸಿಗೋದನ್ನ ಗುಂಡಲ್ಲಿ ಹೊಡೆದು ತಿನ್ನಂಗಿಲ್ಲ. ಹಿಡ್ಕೊಂಡು, ದೇವರ ಹೆಸರು ಹೇಳಿ ಕುಯ್ಯಬೇಕು."

"ಹಂಗಾರೆ ಕುಯ್ಯಣ್ಣ, ಇನ್ನೇನು ಯೋಚ್ನೆ" ಎಂದೆ.

"ಚಾಕೂಲಿ ಕುಯ್ದ್ರೆ ಇವರ ರೂಲ್‌ನಲ್ಲಿ ಅದು ಕಳ್ಳಬೇಟೆ. ನನ್ನ ಹೆಸರಿಟ್ಕೊಂಡು ನಾನು ಕಳ್ಳಬೇಟೇಲಿ ಸಿಕ್ಕಿಬಿದ್ರೆ ಏನಾಗುತ್ತೆ ಗೊತ್ತಲ್ಲ?"

"ಹಾಗಾದ್ರೆ ಅದಕ್ಕೇ ಹೇಳ್ರೀ, ಸ್ವಲ್ಪ ದೂರ ಓಡು ಅಂತ" ಎಂದರು ರೇಹಾನಾ.

ನಗಬೇಡಿ. ಅವರು ನಿಜವಾಗಿ ಪ್ರಯತ್ನಪಟ್ಟರು. ಕೈ ತಟ್ಟಿದರು. "ಹೋಗ್, ಹೋಗೋ! ಥೂ, ಮಾನಗೆಟ್ಟವನೆ, ಓಡೋ!" ಎಂದು ಕನ್ನಡದಲ್ಲಿ, ಉರ್ದುವಿನಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಬೈದರು. ತಲೆಯ ಟೋಪಿ ತೆಗೆದು ಎಸೆದರು. ಟಗರು ಟೋಪಿಯ ಬೆವರಿನ ಉಪ್ಪು ನೆಕ್ಕಿತು. ಹನೀಫಣ್ಣ ಅಲ್ಲೇ ಕಲ್ಲಿನ ಮೇಲೆ ಕೂತು ಮುಖ ಆ ಕಡೆ ತಿರುಗಿಸಿಕೊಂಡರು. ಅಷ್ಟು ವರ್ಷ ಕಾದ ಮನುಷ್ಯ, ಜೀವಮಾನದ ಒಂದೇ ಅವಕಾಶ ಹೀಗೆ ಬೂಟು ಮೂಸುತ್ತ ನಿಂತದ್ದನ್ನು ನೋಡಿದಾಗ ಏನಾಗುತ್ತದೆಂದು ನಿಮ್ಮ ಹೆಲಿಕಾಪ್ಟರಿನಿಂದ ಕಾಣುವುದಿಲ್ಲ.

ಬೇಟೆಯ ಕಾಲ ಮುಗಿದ ಮೇಲೆ ಅವರು ನಿಮ್ಮ ಕಚೇರಿಯ ಕೌಂಟರಿಗೆ ಹೋಗಿ ಟ್ಯಾಗ್ ಹಿಂದಿರುಗಿಸಿ, ಮತ್ತೆ ಅರ್ಜಿ ಹಾಕಲು ಬಿಡಿ ಎಂದು ಕೇಳಿದರು. ಕೌಂಟರಿನ ಹೆಣ್ಣುಮಗಳು ಟಗರು ಕಂಡಿತೇ ಎಂದು ಕೇಳಿದಳು. ಕಂಡಿತು. ಎಷ್ಟು ದೂರದಲ್ಲಿತ್ತು? ಹನೀಫಣ್ಣ ಸುಳ್ಳು ಹೇಳಲು ಬಾರದ ಮನುಷ್ಯ, ಕೌಂಟರಿನ ಈ ಅಂಚಿಗೊಂದು ಆ ಅಂಚಿಗೊಂದು ಕೈಯಿಟ್ಟು ಇಷ್ಟು ಎಂದರು. ಆಕೆ ನಕ್ಕಳು. ಆಮೇಲೆ ನಿಮ್ಮ ಉತ್ತರ ಬಂತು: "ಯೂನಿಟ್ಟಿನೊಳಗೆ ಕಾನೂನುಬದ್ಧ ಟಗರು ಲಭ್ಯವಿತ್ತು; ಪರವಾನಗಿದಾರರು ಅವಕಾಶವನ್ನು ಉಪಯೋಗಿಸಿಕೊಳ್ಳಲಿಲ್ಲ; ಜೀವಮಾನದ ಅರ್ಹತೆ ಮುಕ್ತಾಯವಾಗಿದೆ." ಲಭ್ಯವಿತ್ತಂತೆ! ಅಂಗಡಿಯ ಕಪಾಟಿನಲ್ಲಿಟ್ಟ ಬ್ರೆಡ್ಡೇ ಅದು? ಬೇಟೆಯ ಹೆಸರಿನಲ್ಲಿ ಟ್ಯಾಗ್ ಕೊಟ್ಟವರು ನೀವು. ಬೇಟೆಯಾಗಲು ಬೇಕಾದ ನೆಲಕ್ಕೆ ಬೀಗ ಬಿದ್ದದ್ದನ್ನು ಮುಚ್ಚಿಟ್ಟವರು ನೀವು. ಸಾಕುಕುರಿಯಾಗಿಹೋದ ಪ್ರಾಣಿಯ ಮುಂದೆ ನಿಲ್ಲಿಸಿ, ಹೊಡಿ ಇಲ್ಲವೇ ಹೋಗು ಎಂದವರು ನೀವು. ಉಪ್ಪು ಹಾಕಿದ್ದು ನಿಮ್ಮ ಜನವೇ ಅಲ್ಲವೇ ಎಂದು ನಿಮ್ಮ ಕಚೇರಿಯಿಂದ ಫೋನಿನಲ್ಲಿ ಒಂದು ಕುಟುಕು ಬೇರೆ. ಹೌದು, ನಮ್ಮ ಜನವೇ. ಹಾಕಬಾರದೆಂದು ತಿಳಿದ ದಿನ ನಿಲ್ಲಿಸಿದರು. ನಿಮಗೂ ಒಂದು ತಪ್ಪು ತಿಳಿಸಿ ಅರ್ಧ ವರ್ಷವಾಯಿತು. ನೀವು ನಿಲ್ಲಿಸಿದ್ದೇನು? ಎರಡಿದ್ದದ್ದನ್ನು ಐದು ಮಾಡಲು ಹೊರಟಿರಿ!

ಗೆರೆ ಎಳೆಯುವ ಈ ವಿದ್ಯೆ ನನಗೆ ಹೊಸದೆಂದು ತಿಳಿಯಬೇಡಿ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಪಂಚಾಯಿತಿ ಚುನಾವಣೆಗೆ ಮುಂಚೆ ವಾರ್ಡು ವಿಂಗಡಣೆ ಮಾಡಿದರು. ಅದುವರೆಗೆ ನಮ್ಮ ಕೇರಿ ತಾನೇ ಒಂದು ವಾರ್ಡು. ಹೊಸ ನಕ್ಷೆಯಲ್ಲಿ ಕೇರಿಯನ್ನು ದೊಡ್ಡ ಬೀದಿಗೆ ಸೇರಿಸಿದರು. ದೊಡ್ಡ ವಾರ್ಡಿಗೆ ದೊಡ್ಡ ಅನುದಾನ, ನಿಮಗೇ ಲಾಭ ಎಂದು ತಾಲ್ಲೂಕು ಕಚೇರಿಯವರು ಬಾಯಿ ತುಂಬ ಹೇಳಿದರು. ಅನುದಾನ ಬಂದದ್ದು ನಿಜ, ನಮ್ಮ ತಲೆ ಎಣಿಸಿ. ನಲ್ಲಿ ಬಂದದ್ದು ದೊಡ್ಡ ಬೀದಿಗೆ. ನಾನಾಗ ಕಾಲೇಜು ಹುಡುಗಿ, ಸಂಘಟನೆಗೆ ಹೊಸಬಳು. ಕಚೇರಿಯ ಮುಂದೆ ಧರಣಿ ಕೂತೆವು, ಹಾಡಿದೆವು, ಲಾಠಿ ತಿಂದೆವು, ಮತ್ತೆ ಹೋಗಿ ಅದೇ ಜಾಗದಲ್ಲಿ ಕೂತೆವು. ಕೊನೆಗೆ ಗೆರೆ ತಿದ್ದಿದರು. ಅಂದು ಕಲಿತದ್ದನ್ನು ಇಲ್ಲಿಯವರೆಗೆ ಮರೆತಿಲ್ಲ: ದುರ್ಬಲರನ್ನು ದೊಡ್ಡದೊಂದರ ಜೊತೆ ಸೇರಿಸುತ್ತೇವೆ ಎಂದು ಅಧಿಕಾರಿ ನಗುತ್ತ ಬಂದರೆ, ಎಣಿಕೆ ಎಲ್ಲಿ, ಅನುಭವಿಸುವವರು ಎಲ್ಲಿ ಎಂದು ಮೊದಲು ಕೇಳಬೇಕು. ಕುರಿಗಳಿಗೆ ಧರಣಿ ಕೂರಲು ಬರುವುದಿಲ್ಲ. ನನಗೆ ಬರುತ್ತದೆ.

ಈಗ ಆ ಇಳಿಜಾರಿನ ಲೆಕ್ಕ ನೋಡಿ. ಇದಕ್ಕೆ ಹೆಲಿಕಾಪ್ಟರ್ ಬೇಡ, ಫಲಕದ ಪಕ್ಕ ನಿಂತರೆ ಸಾಕು. ಹೋದ ವರ್ಷ ಅಲ್ಲಿ ಬೆಳೆದ ಟಗರು ಐದಿದ್ದವು. ಲಾಟರಿಯ ಇನ್ನೊಂದು ಟ್ಯಾಗ್ ಸಿಕ್ಕಿದವನು ಅವುಗಳಲ್ಲೊಂದನ್ನು ಕಾರಿನಿಂದ ಇಳಿದು ಕೂಗಳತೆಯಲ್ಲಿ ಹೊಡೆದುಕೊಂಡು ಹೋದ. ಈಗ ಉಳಿದಿರುವುದು ನಾಲ್ಕು. ನೀವು ಕೊಡಹೊರಟಿರುವ ಟ್ಯಾಗ್ ಐದು. ಒಳಗಿನ ಗೇಟು ಲಾಟರಿಯವರಿಗೆ ತೆರೆಯುವುದಿಲ್ಲ. ಐದೂ ಜನ ಬಂದು ನಿಲ್ಲುವುದು ಆ ಫಲಕದ ಮುಂದೆಯೇ. ನಾಲ್ಕು ಜನ ಹೊಡೆಯುತ್ತಾರೆ. ಐದನೆಯವನಿಗೆ ಏನು ಹೊಡೆಯಲು ಹೇಳುತ್ತೀರಿ, ಫಲಕವನ್ನೇ? ಒಂದನ್ನೂ ಬಿಡದೆ ಬೆಳೆದ ಗಂಡುಗಳನ್ನು ತೆಗೆದರೆ ಆ ಹಿಂಡಿನ ಗತಿ ಏನೆಂದು ನಿಮ್ಮ ಸ್ವಂತ ಜೀವಶಾಸ್ತ್ರಜ್ಞರನ್ನು ಕೇಳಿ, ಕೇಳಿದರೆ ಅವರ ಉತ್ತರವನ್ನು ಸಾರ್ವಜನಿಕರಿಗೂ ಓದಿ ಹೇಳಿ. ಬೇಟೆಗಾರರ ದುಡ್ಡಿನಿಂದಲೇ ಕುರಿ ಉಳಿದಿರುವುದು ಎನ್ನುತ್ತೀರಿ, ಒಪ್ಪಿದೆ. ಹನೀಫಣ್ಣನೂ ಬೇಟೆಗಾರರೇ. ಅವರ ಅರ್ಜಿಗಳ ದುಡ್ಡೂ ಆ ಪೆಟ್ಟಿಗೆಯಲ್ಲೇ ಬಿದ್ದಿದೆ. ಅವರಿಗೆ ಮಾತ್ರ ಯಾಕೆ ಕಟ್ಟಿಹಾಕಿದಂಥ ಕುರಿ, ಹರಾಜಿನವನಿಗೆ ಯಾಕೆ ಕಣಿವೆ?

ಎಜುಕೇಶನ್ ಹಿಲ್‌ಗೆ ಹೋಗಿ ವಸಂತಲಕ್ಷ್ಮಿಯವರನ್ನು ತರಾಟೆಗೆ ತೆಗೆದುಕೊಂಡ ಕತೆಯನ್ನೂ ಹೇಳಿಬಿಡುತ್ತೇನೆ. ಬಳಗದಲ್ಲಿ ಈಗಾಗಲೇ ನಾಲ್ಕು ಬಗೆಯಲ್ಲಿ ಹಬ್ಬಿದೆ, ಐದನೆಯದು ನನ್ನ ಬಾಯಿಂದಲೇ ಬರಲಿ.

"ಒಂದು ಹಿಡಿ ಉಪ್ಪು ಕಣ್ರೀ ಸಿದ್ದಮ್ಮ" ಎಂದರು ಆಕೆ. "ನಮ್ಮಮ್ಮ ಅಮಾವಾಸ್ಯೆ ದಿನ ಹಸುಗಳಿಗೆ ಉಪ್ಪು ನೆಕ್ಕಿಸ್ತಿದ್ರು. ಇಲ್ಲಿ ಹಸು ಎಲ್ಲಿಂದ ತರ್ಲಿ ಹೇಳಿ?"

"ಹಸು ಸಿಗ್ಲಿಲ್ಲ ಅಂತ ಕಾಡುಕುರಿಗಾ? ನಾಳೆ ನಿಮ್ಮ ಹಿತ್ತಲಿಗೆ ಕರಡಿ ಬಂದ್ರೆ ಅರಿಶಿನ ಕುಂಕುಮ ಹಚ್ಚಿ ಗೋಪೂಜೆ ಮಾಡಿಬಿಡಿ."

"ನೀವು ಮಾಂಸ ತಿನ್ನೋರು, ನಿಮಗೆ ನನ್ನ ಸಂಕಟ ಅರ್ಥ ಆಗಲ್ಲ ಬಿಡಿ."

"ಮಾಂಸ ತಿನ್ನೋನು ಹೊಡೆಯದೆ ವಾಪಸ್ ಬಂದ, ವಸಂತಲಕ್ಷ್ಮಿಯವರೇ. ಉಪ್ಪು ಹಾಕಿದೋರ ಮನೇಲೇ ಕೂತು ನಾನು ಕಾಫಿ ಕುಡೀತಿದೀನಿ."

ಆಮೇಲೆ ಅಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಟೋಪಿ ನೆಕ್ಕಿದ್ದಕ್ಕೆ ಆಕೆ ಮೊದಲು ನಕ್ಕರು. ಹೋದ ವರ್ಷ ಐದರಲ್ಲಿ ಒಂದು ಹೋಯಿತು ಎಂದಾಗ ಯಾವುದು ಎಂದು ಕೇಳಿದರು. ಎಡಗೊಂಬಿನ ತುದಿ ಮುರಿದದ್ದು ಎಂದೆ. ಆಕೆ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. "ಅದೇ ಮೊದಲು ಇಳಿದು ಬರ್ತಿತ್ತು" ಎಂದರು. ಇಷ್ಟು ಹೇಳಿ ಒಳಗೆ ಹೋದವರು ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು, ಮಂಡಳಿಯ ಆ ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದಾ, ಸೀರೆ ಉಟ್ಟುಕೊಂಡು ಬಂದರೆ ಒಳಗೆ ಬಿಡುತ್ತಾರಾ ಎಂದು ವಿಚಾರಿಸಿದರು.

ಹನೀಫಣ್ಣನನ್ನೂ ಕೇಳಿದೆ, ಈ ಪತ್ರದಲ್ಲಿ ನಿನ್ನ ಪರವಾಗಿ ಏನು ಬರೆಯಲಿ ಎಂದು. ತ್ಯಾಗಿಯಂತೆ ಮಾತಾಡುತ್ತಾರೇನೋ ಎಂದುಕೊಂಡಿದ್ದೆ. "ನಾನೇನು ಸಾಧು ಅಲ್ಲ ಸಿದ್ದಕ್ಕ. ನಂಗೆ ನನ್ನ ಟಗರು ಬೇಕು. ಓಡೋ ಟಗರು. ಅದು ಮುಂದೆ, ನಾನು ಹಿಂದೆ. ಸಿಕ್ರೆ ನಂದು, ಸಿಗದೆ ಇದ್ರೆ ಅದರದ್ದು. ಅದನ್ನ ಬರಿ" ಎಂದರು. ಬರೆದಿದ್ದೇನೆ. ನಿಮ್ಮ ದಪ್ಪ ನಿಯಮ ಪುಸ್ತಕದಲ್ಲಿ ಬೇಟೆ ಎಂದರೆ ಏನೆಂದು ಇದಕ್ಕಿಂತ ನೆಟ್ಟಗೆ ಬರೆದಿದ್ದರೆ ನನಗೆ ಪುಟ ಕಳಿಸಿ.

ಆದ್ದರಿಂದ ನಮ್ಮ ಒತ್ತಾಯ. ವಿನಂತಿಯೆಂದು ಬರೆಯಲು ಹೋಗಿದ್ದೆ, ಮೂರು ಸಲ ವಿನಂತಿಸಿ ಆಗಿದೆ. ಅಳಿಸಿದ ಗೆರೆಯನ್ನು ಮತ್ತೆ ಎಳೆಯಿರಿ: ಹೆದ್ದಾರಿ ಪಕ್ಕದ ಇಳಿಜಾರು ಮೊದಲಿನಂತೆ ಪ್ರತ್ಯೇಕ ಯೂನಿಟ್ ಆಗಲಿ, ಅದಕ್ಕೆ ಒಂದೇ ಒಂದು ಟ್ಯಾಗೂ ಬೇಡ, ಆ ನಾಲ್ಕು ಟಗರು ನಮ್ಮ ಉಪ್ಪಿನ ರುಚಿ ಮರೆತು ಮತ್ತೆ ಮನುಷ್ಯರನ್ನು ಕಂಡರೆ ಓಡುವುದನ್ನು ಕಲಿಯುವವರೆಗೂ ಬೇಡ. ಡ್ರೈ ಫೋರ್ಕಿನ ಟ್ಯಾಗುಗಳನ್ನು ಅಲ್ಲಿಗೆ ಕಾಲ್ನಡಿಗೆಯ ದಾರಿಯಾದರೂ ಸಿಗುವಂತೆ ಮಾಡಿದ ಮೇಲೆ ಕೊಡಿ. ದಾರಿ ಇಲ್ಲದಿದ್ದರೆ ಲಾಟರಿಯವರಿಗೂ ಇಲ್ಲ, ಹರಾಜಿನವರಿಗೂ ಇಲ್ಲ. ಹನೀಫರ ಅರ್ಹತೆಯನ್ನು ಹಿಂದಿರುಗಿಸಿ. ದಯೆಯೆಂದಲ್ಲ, ನೀವು ಕೊಟ್ಟ ಸರಕು ಖೋಟಾ ಆಗಿತ್ತು ಎಂದು ಒಪ್ಪಿಕೊಂಡು ಹಿಂದಿರುಗಿಸಿ.

ಬಳಗದ ಬಂಧುಗಳೇ, ಕೊನೆಯ ಮಾತು ನಿಮಗೂ ಸೇರಿಸಿ. ಕಾಡುಕುರಿಯ ಪಂಚಾಯಿತಿ ನಮಗ್ಯಾಕೆ, ಹಸಿರು ಕಾರ್ಡಿಗೆ ತೊಂದರೆಯಾದೀತು ಎಂದು ಪಿಸುಗುಟ್ಟುವವರ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ಬಿಸಿಲು ಕಾಯಿಸಿಕೊಳ್ಳಲು ಹೋದಾಗ ಆ ಬೆಟ್ಟ ನಿಮ್ಮದು, ಮಾತಾಡುವ ದಿನ ಅದು ಬೇರೆಯವರದೇ? ಮಂಡಳಿಯವರು ಸಭೆಯನ್ನು ಬೆಟ್ಟದ ಆ ಕಡೆ, ಕಣಿವೆಯ ಊರಿನ ರೈತರ ಭವನದಲ್ಲಿ, ಬೆಳ್ಳಂಬೆಳಿಗ್ಗೆ ಇಟ್ಟಿದ್ದಾರೆ; ಈ ಕಡೆಯವರು ಬರಲಾರರು ಎಂಬ ಧೈರ್ಯ. ಒಬ್ಬೊಬ್ಬರಿಗೆ ಮೂರು ನಿಮಿಷ. ಸಭೆ ಶುರುವಾಗುವ ಮುಂಚೆ ಹೆಸರು ಬರೆಸದವರಿಗೆ ಅದೂ ಇಲ್ಲ. ಯುಗಾದಿ ಕಾರ್ಯಕ್ರಮದ ತಾಲೀಮು ಇದೆ ಎಂದು ನೆಪ ಹೇಳಬೇಡಿ, ಕಾರಿನಲ್ಲಿ ಹಾಡಿಕೊಳ್ಳೋಣ. ಹನೀಫಣ್ಣ ಮಾತಾಡುತ್ತಾರೆ. ರೇಹಾನಾ ಮಾತಾಡುತ್ತಾರೆ. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದ ವಸಂತಲಕ್ಷ್ಮಿಯವರು ರೇಷ್ಮೆ ಸೀರೆ ಉಟ್ಟು, ಈ ಮನುಷ್ಯನಿಗೆ ಓಡುವ ಟಗರು ಕೊಡಿ ಎಂದು ಕೇಳುತ್ತಾರೆ. ಮಾನ್ಯರೇ, ನೀವೂ ತಪ್ಪಿಸಿಕೊಳ್ಳದೆ ಬನ್ನಿ. ಮತ ಹಾಕುವ ಮುಂಚೆ ನಮ್ಮ ಮುಖ ನೋಡಿ ಹಾಕಿ. ಏಪ್ರಿಲ್ ಐದು, ಶನಿವಾರ, ಬೆಳಿಗ್ಗೆ ಎಂಟೂವರೆ.

ಇಂತಿ,
ಮೂರು ನಿಮಿಷದಲ್ಲಿ ಮುಗಿಸಲಾರೆನೆಂದು ಗೊತ್ತಿದ್ದು ಮುಂಚಿತವಾಗಿಯೇ ಇಷ್ಟುದ್ದ ಕಾರಿಕೊಂಡ,
ಸಿದ್ದಮ್ಮ
ಕೆಂಟ್, ಮಾರ್ಚ್ ೨೦೦೮